ಮಾವನವರು ಗಾಳ ಹಾಕಿದ ವರ್ಷ

ನನ್ನ ಮಾವನವರು, ಎಂದರೆ ಹೆಂಡತಿಯ ತಂದೆ, ಐವತ್ತೆಂಟನೆಯ ವಯಸ್ಸಿನಲ್ಲಿ ಮೀನು ಹಿಡಿಯಲು ಕಲಿತರು. ಕಲಿತರು ಎನ್ನುವುದು ಅಳಿಯನಾದವನ ಮರ್ಯಾದೆಯ ಮಾತು. ವರ್ಷವಿಡೀ ವಾರಕ್ಕೊಮ್ಮೆ ಕೆರೆಯ ದಂಡೆಗೆ ಬಂದು ಕೂತರು, ಎಲ್ಲ ಕಾಲದ ನೀರನ್ನೂ ನೋಡಿದರು, ಆ ನೀರಿನೊಳಗಿನ ಪ್ರಾಣಿಗಳಿಗೆ ಸಾಕಷ್ಟು ಒಣದ್ರಾಕ್ಷಿ ತಿನ್ನಿಸಿದರು. ಅಷ್ಟೇ.

ಎಂಬತ್ತರ ದಶಕದ ನಡುವಿನ ಮಾತಿದು. ಅಥಣಿ ತಾಲೂಕಿನಲ್ಲಿ, ಕೊಕಟನೂರಿನಿಂದ ಐದಾರು ಮೈಲಿ ಆಚೆ, ಸರ್ಕಾರ ಹಳ್ಳಕ್ಕೆ ಒಡ್ಡು ಹಾಕಿ ಕಟ್ಟಿಸಿದ ಒಂದು ಕೆರೆಯಿತ್ತು. ನಾನು ಅಲ್ಲಿ ನೀರಾವರಿ ಖಾತೆಯ ಸಣ್ಣ ನೌಕರ. ಬೆಳಿಗ್ಗೆ ಎದ್ದು ನೀರಿನಲ್ಲಿ ನಿಂತ ಅಳತೆಯ ಪಟ್ಟಿ ನೋಡಿ ಮಟ್ಟವನ್ನು ಪುಸ್ತಕದಲ್ಲಿ ಬರೆಯುವುದು, ಹೇಳಿದಾಗ ತೂಬಿನ ಗೇಟು ತಿರುಗಿಸುವುದು, ಉಳಿದ ಹೊತ್ತಿನಲ್ಲಿ ಕೆಲಸವಿದ್ದವನಂತೆ ಕಾಣುವುದು, ಇವು ನನ್ನ ಮೂರು ಕರ್ತವ್ಯಗಳು. ಒಡ್ಡಿನ ಬುಡದಲ್ಲಿ ಎರಡು ಕೋಣೆಯ ಸರ್ಕಾರಿ ಮನೆ. ಅಲ್ಲಿ ನಾನು, ನನ್ನ ಹೆಂಡತಿ. ಮಾವನವರ ಊರು ಕೆರೆಗೆ ಹತ್ತಿರದಲ್ಲೇ. ದ್ರಾಕ್ಷಿ ತೋಟ, ಒಂದಿಷ್ಟು ಕಬ್ಬು, ಊರೊಳಗೆ ನಾಲ್ಕು ಜನ ಎದ್ದು ನಿಲ್ಲುವಷ್ಟು ಗೌರವ. ಅವರ ಮನೆಯಲ್ಲಿ ಮೀನೆಂಬುದು ಒಲೆಯ ಮೇಲಿರಲಿ, ಬಾಯಿಯ ಮೇಲೂ ಬರುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಅವರಿಗೆ ಎದೆ ಹಿಡಿದಂತಾಗಿ ಮಿರಜಿಗೆ ಕರೆದುಕೊಂಡು ಹೋದವನು ನಾನೇ. ವೈದ್ಯರು ಮರಾಠಿಯವರು. ತಂಬಾಕು ಬಿಡಿ, ತುಪ್ಪ ಕಡಿಮೆ ಮಾಡಿ, ದಿನಾ ಎರಡು ಮೈಲಿ ನಡೆಯಿರಿ, ಸಿಟ್ಟು ಮಾಡಿಕೊಳ್ಳಬೇಡಿ ಎಂದು ಒಂದೊಂದಾಗಿ ಹೇಳಿದರು. ಕೊನೆಗೆ ಬಾಗಿಲ ತನಕ ಬಂದು, "ಮಾಸೆ ಖಾತ್ ಜಾ, ಬರಂ ವಾಟೇಲ್," ಮೀನು ತಿನ್ನುತ್ತಿರಿ, ಆರಾಮ ಅನಿಸುತ್ತದೆ ಎಂದರು. ಮಾವನವರು ಐದೂ ಮಾತು ಕೇಳಿಸಿಕೊಂಡರು. ಮನೆಗೆ ಬಂದದ್ದು ಐದನೆಯದು ಮಾತ್ರ.

ಆದರೆ ತಿನ್ನುವುದು ಹೇಗೆ? ಅಥಣಿಯ ಪೇಟೆಯಲ್ಲಿ ಮೀನಿನ ಬುಟ್ಟಿಯ ಮುಂದೆ ಅವರು ನಿಂತರೆ ಸಂಜೆಯೊಳಗೆ ಸುದ್ದಿ ಹತ್ತೂರು ಸುತ್ತುತ್ತಿತ್ತು. ಅತ್ತೆಯವರಿಗೆ ಗೊತ್ತಾದರೆ ಎದೆನೋವಿಗಿಂತ ದೊಡ್ಡದು ಕಾದಿತ್ತು. ಎರಡು ದಿನ ಯೋಚಿಸಿ ಅವರು ನನ್ನ ಮನೆಗೆ ಬಂದರು, ಬಾಗಿಲು ಮುಂದೆ ಮಾಡಿ ಕೂತರು.

"ಅಳಿಯಂದ್ರ, ನೀವು ಸದಲಗಾದಾವ್ರು. ದೂಧಗಂಗಾ ದಂಡಿಮ್ಯಾಲ ಬೆಳದಾವ್ರು. ಮೀನ ಹಿಡಿಯೂದು ನಿಮಗ ಗೊತ್ತಿರಬೇಕು," ಎಂದರು.

ನಮ್ಮ ಮನೆಯವರು ಎಮ್ಮೆ ಕಟ್ಟಿ ಹಾಲು ಮಾರುವವರು. ಹೊಳೆಯನ್ನು ನಾನು ಎಮ್ಮೆಯ ಬೆನ್ನ ಮೇಲಿಂದ ನೋಡಿದ್ದೆನೇ ಹೊರತು ಅದರೊಳಗೆ ಏನಿದೆ ಎಂದು ವಿಚಾರಿಸಿರಲಿಲ್ಲ. ಆದರೆ ಮದುವೆಯಾಗಿ ಎರಡೇ ವರ್ಷ. ಮಾವನವರು ನನ್ನನ್ನು ಯಾವುದರಲ್ಲಾದರೂ ಜಾಣನೆಂದು ತಿಳಿದದ್ದು ಅದೇ ಮೊದಲು. "ಹೌದ್ರಿ," ಅಂದುಬಿಟ್ಟೆ.

ಹೀಗೆ ಶುಕ್ರವಾರ ಗೊತ್ತಾಯಿತು. ಕೊಕಟನೂರಿನ ಯಲ್ಲಮ್ಮನಿಗೆ ಹರಕೆ ಹೊತ್ತಿದ್ದೇನೆ, ಪ್ರತಿ ಶುಕ್ರವಾರ ದರ್ಶನ ಮಾಡಬೇಕು ಎಂದು ಮನೆಯಲ್ಲಿ ಹೇಳಿದರು. ಹೇಳಿದಂತೆ ಗುಡಿಗೆ ಹೋಗಿ, ಹೊರಗಿನಿಂದಲೇ ಕೈಮುಗಿದು, ಹಣೆಗೆ ಭಂಡಾರದ ಅರಿಶಿನ ಬಳಿದುಕೊಂಡು, ಮೋಟಾರ್ ಸೈಕಲ್ ತಿರುಗಿಸಿ ಕೆರೆಗೆ ಬರುತ್ತಿದ್ದರು. ಗಂಡನಿಗೆ ಈ ವಯಸ್ಸಿನಲ್ಲಿ ಭಕ್ತಿ ಬಂದದ್ದು ಕಂಡು ಅತ್ತೆಯವರು ಕಣ್ಣೊರೆಸಿಕೊಂಡರಂತೆ.

ಮಿರಗ, ಎಂದರೆ ಮೃಗಶಿರಾ ನಕ್ಷತ್ರ, ಕೂಡಿ ನಾಲ್ಕು ದಿನಕ್ಕೆ ಮಳೆ ಬಿತ್ತು. ಹಳ್ಳದಲ್ಲಿ ಕೆಂಪು ನೀರು ಬಂದು ಕೆರೆಗೆ ಸೇರತೊಡಗಿತು. ಹೊಸ ನೀರು ಬಂದಾಗ ಮೀನು ಆಳದಲ್ಲಿ ನಿಲ್ಲುವುದಿಲ್ಲ. ತತ್ತಿ ಇಡಲು ನೀರಿಗೆ ಎದುರಾಗಿ ಹಳ್ಳದ ಕಡೆ ಏರುತ್ತದೆ. ಇದು ನನಗೆ ಗೊತ್ತಾದದ್ದು ಆಮೇಲೆ. ಗೊತ್ತಿದ್ದವಳು ಒಬ್ಬಳು ಅಲ್ಲೇ ಇದ್ದಳು. ಕೆರೆಯ ಮೇಲುಬದಿಯ ದಿಬ್ಬದಲ್ಲಿ ಗುಡಿಸಲು ಹಾಕಿಕೊಂಡು, ಐದು ಎಮ್ಮೆ ಒಂದಿಷ್ಟು ಆಡು ಮೇಯಿಸಿಕೊಂಡಿದ್ದ ಹೆಣ್ಣುಮಗಳು. ಗಂಡ ವರ್ಷದಲ್ಲಿ ಎಂಟು ತಿಂಗಳು ಕುರಿ ಹಿಂಡಿನ ಹಿಂದೆ ಊರೂರು. ಅವಳೂ ಅವಳ ನೆಗೆಣ್ಣಿಯೂ ಹಳ್ಳ ಕೆರೆ ಕೂಡುವಲ್ಲಿ ಮೊಣಕಾಲು ನೀರಿನಲ್ಲಿ ನಿಂತು, ಹರಕು ಸೀರೆಯೊಂದನ್ನು ಆ ತುದಿ ಈ ತುದಿ ಹಿಡಿದು ಎತ್ತುತ್ತಿದ್ದರು. ಪ್ರತಿ ಸಲ ಸೀರೆಯಲ್ಲಿ ಬೆಳ್ಳಿ ಮಿಂಚುತ್ತಿತ್ತು.

ಮಾವನವರು ಆರಿಸಿದ್ದು ತೂಬಿನ ಬಳಿಯ ಕಲ್ಲುಕಟ್ಟೆ. ಕೆಸರಿಲ್ಲ, ಧೋತರಕ್ಕೆ ಕಲೆ ಹತ್ತುವುದಿಲ್ಲ. ಬಿದಿರಿನ ಕೋಲು, ನೈಲಾನ್ ದಾರ, ಜೋಳದ ದಂಟಿನ ಬೆಂಡು, ಅಥಣಿಯಿಂದ ತರಿಸಿದ ಗಾಳ. ಎರೆಹುಳ ಚುಚ್ಚುವುದು ನನ್ನ ಪಾಲಿಗೆ ಬಂತು. ಮೊದಲ ಶುಕ್ರವಾರ ಎರಡು ತಾಸಿನಲ್ಲಿ ಅವರು ಹಿಡಿದದ್ದು ತಮ್ಮದೇ ಧೋತರದ ಅಂಚು, ಮತ್ತು ಒಂದು ಸಲ ನನ್ನ ಅಂಗಿಯ ತೋಳು.

ಆ ಹೆಣ್ಣುಮಗಳು ದೂರದಿಂದ ನನ್ನನ್ನು ಕೂಗಿ ಹೇಳಿದಳು: "ಸಾಹೇಬ್ರ, ಮೀನ ಇತ್ತಾಗ ಅದಾವ್ರಿ. ಅಲ್ಲಿ ಬರೇ ನೀರೈತಿ."

ಮಾವನವರು ಅತ್ತ ನೋಡದೆಯೇ, ಆಳ ಇದ್ದಲ್ಲಿ ದೊಡ್ಡ ಮೀನಿರುತ್ತವೆ, ದಂಡೆಯಲ್ಲಿ ಆಡುವುದೆಲ್ಲ ಹುಡಿ ಎಂದು ನನಗೆ ತಿಳಿಸಿದರು. ಆ ನಂಬಿಕೆ ವರ್ಷದುದ್ದಕ್ಕೂ ಅಲುಗಲಿಲ್ಲ. ಮೀನುಗಳಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಹೊತ್ತು ಏರಿದಾಗ ನಾನೇ ಹೋಗಿ ಅವಳ ಬಳಿ ನಾಲ್ಕು ಮೀನು ಕೇಳಿ ತಂದೆ. ಮನೆಗೆ ಒಯ್ದರೆ ನನ್ನ ಹೆಂಡತಿ ಹೊಸ್ತಿಲಲ್ಲೇ ಕೈ ಅಡ್ಡ ಇಟ್ಟಳು. ಅಪ್ಪನ ಎದೆಗೆ ಒಳ್ಳೆಯದಾದರೆ ಅವನು ಏನಾದರೂ ತಿನ್ನಲಿ, ಅವ್ವನಿಗೆ ನಾನು ಹೇಳುವುದಿಲ್ಲ, ಆದರೆ ನನ್ನ ಒಲೆಯ ಮೇಲೆ ಅದು ಏರಬಾರದು ಎಂದಳು. ಮೀನು ಮತ್ತೆ ಗುಡಿಸಲಿಗೇ ಹೋಯಿತು. ಆ ಹೆಣ್ಣುಮಗಳೇ ಕೊಯ್ದು, ಖಾರ ಅರೆದು, ಹುಣಸೆಹುಳಿ ಹಾಕಿ ಕುದಿಸಿದಳು.

ಮಾವನವರು ರಸ್ತೆಯ ಕಡೆ ಬೆನ್ನು ಮಾಡಿ ಕೂತರು. ಮೊದಲ ತುತ್ತಿಗೆ ಕಣ್ಣು ಮುಚ್ಚಿದರು, ಬೇವಿನ ಕಷಾಯ ಕುಡಿಯುವವರಂತೆ. ಎರಡನೆಯದಕ್ಕೆ ಕಣ್ಣು ತೆರೆದರು. ನಾಲ್ಕನೆಯದಕ್ಕೆ ಇನ್ನೊಂದು ರೊಟ್ಟಿ ಕೇಳಿದರು. ನೆತ್ತಿಗೆ ಹತ್ತಿ ಕೆಮ್ಮಿದಾಗ ಅವಳು ತಂಬಿಗೆ ನೀರು ಮುಂದೆ ಇಟ್ಟಳು. ಅವರು ಕೈಸನ್ನೆಯಿಂದ ಬೇಡವೆಂದು, ಮನೆಯಿಂದ ತಂದ ಥರ್ಮಾಸಿನಿಂದ ಕುಡಿದರು. ಮೀನಿಗೆ ಮೈಲಿಗೆ ಇರಲಿಲ್ಲ, ನೀರಿಗಿತ್ತು. ಸಾರು ಯಾವ ನೀರಿನಲ್ಲಿ ಕುದಿಯಿತು ಎಂದು ಅವರು ಕೇಳಲಿಲ್ಲ, ನಾನೂ ನೆನಪು ಮಾಡಲಿಲ್ಲ. ಅವಳು ತಂಬಿಗೆ ತೆಗೆದು ಒಳಗಿಟ್ಟಳು.

ಶ್ರಾವಣ ಬಂದಿತು. ಕೆರೆ ತುಂಬಿ ಕೋಡಿ ಬಿತ್ತು. ಕೋಡಿಯ ಕೆಳಗಿನ ಗುಂಡಿಗಳಲ್ಲಿ ಹೊರಗೆ ಬಿದ್ದ ಮೀನು ಕೈಗೆ ಸಿಗುವಂತೆ ಒದ್ದಾಡುತ್ತಿದ್ದವು. ವರ್ಷದಲ್ಲಿ ಏನೂ ಬಾರದವನೂ ಮೀನು ಹಿಡಿಯಬಹುದಾದ ಹದಿನೈದು ದಿನಗಳು ಇದ್ದರೆ ಅವೇ. ಆದರೆ ಶ್ರಾವಣದಲ್ಲಿ ಮಾವನವರು ಉಳ್ಳಾಗಡ್ಡಿಯನ್ನೂ ಮುಟ್ಟುವುದಿಲ್ಲ. ಶುಕ್ರವಾರ ಬಂದರು, ಗಾಳ ತರಲಿಲ್ಲ. ಕೋಡಿಯ ಮೇಲೆ ನಿಂತು, ಕೆಳಗೆ ಬುಟ್ಟಿ, ಸೊಳ್ಳೆಪರದೆ, ಬರಿಗೈಯಲ್ಲಿ ಮೀನು ಬಾಚುವವರನ್ನು ನೋಡಿ, ಪವಿತ್ರ ತಿಂಗಳಲ್ಲಿ ಜೀವಹಿಂಸೆ ಮಾಡುವ ಜನಕ್ಕೆ ಮಳೆ ಹೇಗೆ ಆಗುತ್ತದೆ ಎಂದು ಅರ್ಧ ತಾಸು ಉಪದೇಶ ಮಾಡಿದರು. ಮಳೆ ಸುರಿಯುತ್ತಲೇ ಇತ್ತು. ಅವರ ಕಣ್ಣು ಮಾತ್ರ ಒಂದು ದೊಡ್ಡ ಕಾಟ್ಲಾ ಮೀನಿನ ಹಿಂದೆ ಗುಂಡಿಯಿಂದ ಗುಂಡಿಗೆ ಹೋಗುತ್ತಿತ್ತು.

ದಸರೆ ಕಳೆದ ಮೇಲೆ ನೀರು ತಿಳಿಯಾಯಿತು. ತಿಳಿನೀರಿನಲ್ಲಿ ಮೀನಿಗೆ ನೆರಳು ಕಂಡರೂ ಸಾಕು, ಓಡುತ್ತದೆ. ಆಗ ಹಿಡಿಯುವವರು ನಸುಕಿನಲ್ಲಿ, ಜೊಂಡು ಬೆಳೆದ ದಂಡೆಯಲ್ಲಿ, ಕುಕ್ಕರಗಾಲಲ್ಲಿ ಕೂತು ಉಸಿರು ಬಿಗಿಹಿಡಿಯುತ್ತಾರೆ. ಮಾವನವರು ಉಪ್ಪಿಟ್ಟು ತಿಂದು ಹತ್ತು ಗಂಟೆಗೆ ಬಂದು, ಬಿಳಿ ಧೋತರ, ಬಿಳಿ ಟೋಪಿ, ಬಿಚ್ಚಿದ ಛತ್ರಿ ಸಮೇತ ಕಲ್ಲುಕಟ್ಟೆಯ ಮೇಲೆ ಕೂತು, ದ್ರಾಕ್ಷಿಯ ಔಷಧ ಸಿಂಪಡಣೆಯ ಬಗ್ಗೆ ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದರು. ಎರೆಹುಳ ಅಗ್ಗದ ಜಾತಿಯ ಮೀನಿಗೆ, ಒಳ್ಳೆಯ ಮೀನಿಗೆ ಒಳ್ಳೆಯದನ್ನೇ ಕೊಡಬೇಕು ಎಂದು ತಮ್ಮ ತೋಟದ ಒಣದ್ರಾಕ್ಷಿ ಚುಚ್ಚತೊಡಗಿದರು. ಮೂರು ವಾರ ದ್ರಾಕ್ಷಿ ಹೋಗುತ್ತಿತ್ತು, ಗಾಳ ಬರಿದಾಗಿ ಬರುತ್ತಿತ್ತು. ದೊಡ್ಡ ಮೀನು, ಬುದ್ಧಿಯ ಮೀನು ಎಂದು ಅವರು ಹಿಗ್ಗಿದರು. ನಾಲ್ಕನೆಯ ವಾರ ಬೆಂಡು ಮುಳುಗಿತು. ಇಬ್ಬರೂ ಸೇರಿ ಎಳೆದರೆ ಬಂದದ್ದು ಆಮೆ. ಒಂದು ತಿಂಗಳು ಅಥಣಿಯ ಒಣದ್ರಾಕ್ಷಿ ತಿಂದು ಬಲಿತ ಆಮೆ, ಹಗ್ಗ ಹಾಕಿ ಎಳೆದ ಸಾಲಗಾರನಂತೆ ನಮ್ಮನ್ನು ದಿಟ್ಟಿಸುತ್ತಿತ್ತು. ಮಾವನವರು ಅದಕ್ಕೆ ಕೈಮುಗಿದು ನೀರಿಗೆ ಬಿಟ್ಟರು. ಆ ದಿನವೂ ಊಟ ಗುಡಿಸಲಲ್ಲೇ ಆಯಿತು.

ಚಳಿಗಾಲದಲ್ಲಿ ನಾನು ಒಂದು ತಪ್ಪು ಮಾಡಿದೆ. ಚಳಿಗೆ ಮೀನು ತಳ ಹಿಡಿದು ಮಂಕಾಗಿರುತ್ತವೆ, ಮಧ್ಯಾಹ್ನ ಬಿಸಿಲು ಏರಿದ ಮೇಲೆ ಒಂದಿಷ್ಟು ಹೊತ್ತು ಮಾತ್ರ ಮೇಯಲು ಬರುತ್ತವೆ. ಆದರೆ ತೂಬು ತೆರೆದಾಗ ನೀರಿನ ಎಳೆತಕ್ಕೆ ಸಣ್ಣಪುಟ್ಟ ಹುಳ ಅಲ್ಲಿಗೆ ಸೇರುತ್ತವೆ, ಅವುಗಳ ಹಿಂದೆ ಮೀನು ಸೇರುತ್ತವೆ ಎಂದು ಮಾವನವರಿಗೆ ಯಾರೋ ಹೇಳಿದ್ದರು. ಕಾಲುವೆಗೆ ನೀರು ಬಿಡುವ ಪಾಳಿಗೆ ಇನ್ನೂ ಎಂಟು ದಿನವಿತ್ತು.

"ಒಂದ ಎರಡ ತಾಸು ತಿರವ್ರಿ. ಕೆರಿ ಏನ ಬತ್ತಿ ಹೋಗೂದಿಲ್ಲ," ಎಂದರು.

ಸರ್ಕಾರದ ಗೇಟನ್ನು ನಾನು ಮಾವನವರ ಗಾಳಕ್ಕಾಗಿ ತಿರುಗಿಸಿದೆ. ನಿಜಕ್ಕೂ ಮೀನು ಬಂದವು. ಅರ್ಧ ತಾಸಿನಲ್ಲಿ ಮೊಳದುದ್ದದ ರೋಹು ಒಂದು ಕಚ್ಚಿತು. ಮಾವನವರು ಎದೆನೋವು ಮರೆತು ಎದ್ದು ನಿಂತು ಎಳೆದರು. ಮೀನು ಕಲ್ಲಿನ ಮೇಲೆ ಬಿದ್ದು ಬಡಿದುಕೊಳ್ಳತೊಡಗಿತು. ಆಗ ನಮ್ಮಿಬ್ಬರಿಗೂ ತಿಳಿದದ್ದು ಇಷ್ಟೇ: ಮುಂದೇನು ಮಾಡಬೇಕೆಂದು ಇಬ್ಬರಿಗೂ ಗೊತ್ತಿಲ್ಲ.

"ಇದನ್ನ ಹೆಂಗ ಸಾಯಿಸೂದ್ರಿ?" ಎಂದು ಅವರು ಮೆಲ್ಲಗೆ ಕೇಳಿದರು. ಏಳು ತಿಂಗಳಿಂದ ಮೀನು ತಿನ್ನುತ್ತಿದ್ದ ಮನುಷ್ಯ ಜೀವಂತ ಮೀನಿನ ಕಣ್ಣನ್ನು ನೋಡಿದ್ದು ಅಂದೇ. ಹೊಳೆದಂಡೆಯ ತಜ್ಞನಾದ ನಾನು, ಆ ಹೆಣ್ಣುಮಗಳನ್ನು ಕರೆತರುತ್ತೇನೆ ಎಂದು ಓಡಿದೆ. ತಿರುಗಿ ಬರುವಷ್ಟರಲ್ಲಿ ಅವರು ಥರ್ಮಾಸಿನ ನೀರನ್ನು ಅಷ್ಟಷ್ಟೇ ಮೀನಿನ ಬಾಯಿಗೆ ಬಿಡುತ್ತಿದ್ದರು. ಯಾರಿಗೂ ಕೊಡದ ನೀರು. ಆ ನೀರಿಗೆ ಚೇತರಿಸಿಕೊಂಡ ಮೀನು ಒಂದೇ ಜಿಗಿತಕ್ಕೆ ಕೆರೆ ಸೇರಿತು. ಬಂದವಳು ಸೆರಗು ಬಾಯಿಗೆ ಇಟ್ಟುಕೊಂಡು ಹಿಂದೆ ತಿರುಗಿದಳು. ಅವಳ ಬೆನ್ನು ಬಹಳ ಹೊತ್ತು ಕುಲುಕುತ್ತಿತ್ತು. ಮರುದಿನ ಮಟ್ಟದ ಪುಸ್ತಕದಲ್ಲಿ ನಾನು, ಗಾಳಿಯ ತೆರೆಯಿಂದಾಗಿ ಪಟ್ಟಿ ಸರಿಯಾಗಿ ಕಾಣಲಿಲ್ಲ ಎಂದು ಷರಾ ಬರೆದೆ.

ಬೇಸಿಗೆಯಲ್ಲಿ ಕೆರೆ ಹಿಂದೆ ಸರಿಯಿತು. ನಡುವೆ ಒಂದು ದೊಡ್ಡ ಮಡು ಉಳಿದು, ಸುತ್ತ ಕರಿ ಮೆಕ್ಕಲು ಹೊರಬಿತ್ತು. ಮೀನೆಲ್ಲ ಆ ಮಡುವಿನಲ್ಲಿ ಒತ್ತಾಗಿ, ನಸುಕಿನಲ್ಲಿ ಬಾಯಿ ಮೇಲೆ ಮಾಡಿ ಉಸಿರಿಗೆ ಹಪಹಪಿಸುತ್ತಿದ್ದವು. ಮೆಕ್ಕಲು ಕಂಡ ಕೂಡಲೇ ಸುತ್ತಲಿನ ಜಮೀನುದಾರರ ಬಾಯಿಯೂ ಹಾಗೇ ತೆರೆಯಿತು. ಅಲ್ಲಿ ಸವತೆ, ಕಲ್ಲಂಗಡಿ, ದನದ ಮೇವು ಬಂಗಾರದಂತೆ ಬರುತ್ತವೆ. ಅಡ್ಡ ಇದ್ದದ್ದು ಅಲ್ಲಿ ಮೇಯುವ ಐದು ಎಮ್ಮೆ, ದಿಬ್ಬದ ಗುಡಿಸಲು. ಅದನ್ನು ಎಬ್ಬಿಸಬೇಕೆಂದು ಅರ್ಜಿ ಹಾಕುವುದಾಯಿತು. ಮುಂದಾಳು ನಮ್ಮ ಮಾವನವರು. ಬರೆದವನು ನಾನು, ಅಕ್ಷರ ದುಂಡಗಿದ್ದುದರಿಂದ. ಎಮ್ಮೆಗಳು ನೀರು ಕೆಡಿಸುತ್ತವೆ ಎಂದು ಒಂದು ಕಲಮು. ಗುಡಿಸಲಿನವರು ಸರ್ಕಾರದ ಮೀನು ಕದಿಯುತ್ತಾರೆ ಎಂದು ಇನ್ನೊಂದು. ಎರಡನೆಯದು ಮಾವನವರಿಗೇ ಹೊಳೆದು ಹೇಳಿದ್ದು. ನಾನು ಪೆನ್ನು ಎತ್ತಿ ಅವರ ಮುಖ ನೋಡಿದೆ. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ಬರೆದೆ.

ನಮ್ಮ ಖಾತೆಯ ಸೆಕ್ಷನ್ ಸಾಹೇಬರು ಸ್ಥಳ ನೋಡಲು ಬಂದದ್ದು, ಏನು ಯೋಗವೋ, ಶುಕ್ರವಾರ. ಒಡ್ಡಿನ ಬೇವಿನ ಮರದ ಕೆಳಗೆ ಜಮಖಾನೆ ಹಾಸಿತ್ತು. ಇಪ್ಪತ್ತು ಮೂವತ್ತು ಜನ ಕೂತಿದ್ದರು. ಕೆರೆಯೆಂಬುದು ದೇವರಿದ್ದಂತೆ, ಅದನ್ನು ಶುದ್ಧವಾಗಿ ಇಟ್ಟುಕೊಳ್ಳಬೇಕು ಎಂದು ಮಾವನವರು ಮಾತಾಡುತ್ತಿದ್ದರು. ಆ ಹೆಣ್ಣುಮಗಳು ಎಮ್ಮೆ ಕಾಯುವ ಕೋಲು ಹಿಡಿದು ಒಡ್ಡು ಏರಿ ಬಂದಳು. ಗುಂಪಿನ ಅಂಚಿನಲ್ಲಿ ನಿಂತು, ಮಾತು ನಿಲ್ಲುವ ತನಕ ಕಾದಳು. ಆಮೇಲೆ ಕೇಳಿದಳು:

"ಸಾವ್ಕಾರ್ರ, ಇವತ್ತ ಊಟಕ್ಕ ಬರ್ತೀರಿಲ್ರಿ? ಹೊತ್ತಾತು. ಮೀನ ಕೊಯ್ದ ಖಾರಾ ಹಚ್ಚಿ ಇಟ್ಟೀನಿ."

ಅರ್ಜಿಯ ಸುದ್ದಿ ಅವಳಿಗೆ ಗೊತ್ತಿತ್ತೇ, ಇಲ್ಲವೇ? ಆಗ ನನಗೆ ತಿಳಿಯಲಿಲ್ಲ. ದನಿಯಲ್ಲಿ ವ್ಯಂಗ್ಯದ ಎಳೆಯೂ ಇರಲಿಲ್ಲ. ಮೂವತ್ತು ತಲೆಗಳು ಒಮ್ಮೆಗೇ ತಿರುಗಿದವು. ಸಾಹೇಬರು ಅರ್ಜಿಯ ಎರಡನೆಯ ಕಲಮನ್ನು ಇನ್ನೊಮ್ಮೆ ಓದಿದರು. ನಾನು ನನ್ನ ಚಪ್ಪಲಿಯ ಉಂಗುಟವನ್ನು ನೋಡುತ್ತಿದ್ದೆ.

ಮಾವನವರು ಭಂಡಾರದ ಹಣೆಯನ್ನು ಟವೆಲಿನಿಂದ ಒರೆಸಿಕೊಂಡು, "ಅದು ಔಷಧ. ಮಿರಜಿ ಡಾಕ್ಟರು ಹೇಳ್ಯಾರ," ಎಂದರು.

ಅರ್ಜಿಗೆ ಎರಡನೆಯ ಸಹಿ ಹಾಕಿದ್ದ ಹಿರಿಯರೊಬ್ಬರು ಸ್ವಲ್ಪ ಯೋಚಿಸಿ, ಅದನ್ನು ಯಾವುದಕ್ಕೆ ಕೊಡುತ್ತಾರೆ ಎಂದು ಕೇಳಿದರು. ಎದೆಗೆ ಎಂದರು ಮಾವನವರು. ಹಿರಿಯರು ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಒತ್ತಿ ನೋಡಿದರು.

"ನನಗೂ ಒಂದೀಟ ಹಿಡದಂಗ ಆಗತೈತ್ರಿ," ಎಂದರು.

ಸಾಹೇಬರು ಕೆಮ್ಮುತ್ತಾ ಎದ್ದು ಜೀಪಿನ ಕಡೆ ನಡೆದರು. ಅರ್ಜಿ ಮಡಚಿ ಕಡತ ಸೇರಿತು. ಆ ಬೇಸಿಗೆ ಎಮ್ಮೆಗಳು ಮೆಕ್ಕಲಿನಲ್ಲೇ ಮೇಯ್ದವು. ಮುಂದಿನ ಶುಕ್ರವಾರದಿಂದ ಗುಡಿಸಲಿನ ಹಿಂದೆ, ರಸ್ತೆಗೆ ಬೆನ್ನು ಮಾಡಿ ಕೂರುವ ಎದೆರೋಗಿಗಳು ಮೂವರಾದರು, ಆಮೇಲೆ ಐವರು. ಅವಳು ದೊಡ್ಡ ಗಡಿಗೆ ತಂದಳು. ಪುಕ್ಕಟೆ ಔಷಧ ಹತ್ತುವುದಿಲ್ಲ ಎಂದು ಹೇಳಿ ತಲೆಗೆ ಒಂದು ಸೇರು ಜೋಳ ಕೇಳತೊಡಗಿದಳು. ಎಲ್ಲರೂ ತಮ್ಮ ತಮ್ಮ ನೀರು ತಾವೇ ತರುತ್ತಿದ್ದರು.

ಮಾವನವರು ಆ ಸಾಲಿನಲ್ಲಿ ಇರಲಿಲ್ಲ. ಸುದ್ದಿ ಅವರಿಗಿಂತ ಮೊದಲೇ ಮನೆ ಮುಟ್ಟಿತ್ತು. ಅತ್ತೆಯವರು ಕೂಗಾಡಲಿಲ್ಲ. ಅವರ ತಾಟು, ಚರಿಗೆ, ಹಾಸಿಗೆ ಮೂರನ್ನೂ ದನದ ಕೊಟ್ಟಿಗೆಯ ಪಕ್ಕದ ಪಡಸಾಲೆಗೆ ಸಾಗಿಸಿ, ತಾವೇ ಬರಿಗಾಲಲ್ಲಿ ಕೊಕಟನೂರಿಗೆ ನಡೆದು ಹೋಗಿ, ಗಂಡ ದೇವಿಯ ಹೆಸರಿನಲ್ಲಿ ಹೇಳಿದ ಅಷ್ಟೂ ಶುಕ್ರವಾರದ ಸುಳ್ಳಿಗೆ ತಪ್ಪು ಕಾಣಿಕೆ ಹಾಕಿ ಬಂದರು. ದೀಪಾವಳಿಯ ತನಕ ಊರ ಸಾವಕಾರರು ಎತ್ತುಗಳ ಪಕ್ಕದಲ್ಲಿ ಉಂಡರು. ತುಪ್ಪ ಬೀಳಲಿಲ್ಲ, ತಂಬಾಕು ತರಿಸಿಕೊಡುವವರಿಲ್ಲ. ಸಿಟ್ಟು ಮಾಡುವ ಅಧಿಕಾರ ಉಳಿದಿರಲಿಲ್ಲ. ಹೊತ್ತು ಹೋಗದೆ ದಿನಾ ತೋಟದ ತನಕ ನಡೆದು ಬರುತ್ತಿದ್ದರು. ಮಿರಜಿನ ವೈದ್ಯರು ಮುಂದಿನ ಸಲ ಪರೀಕ್ಷಿಸಿ, ಎದೆ ಬಹಳ ಸುಧಾರಿಸಿದೆ, ನೋಡಿದಿರಾ ಮೀನಿನ ಗುಣ, ಎಂದರು. ಮಾವನವರು ಗಂಭೀರವಾಗಿ ತಲೆಯಾಡಿಸಿದರು.

ಎರಡು ವರ್ಷದ ಮೇಲೆ ನನಗೆ ನಿಪ್ಪಾಣಿ ಕಡೆ ವರ್ಗವಾಯಿತು. ತೊಂಬತ್ತರ ದಶಕದಲ್ಲಿ ಆ ಕೆರೆಯ ಮೀನಿನ ಗುತ್ತಿಗೆಯನ್ನು ಹರಾಜಿನಲ್ಲಿ ಯಾರೋ ಹಿಡಿದರು. ಕಾವಲುಗಾರನ ಕೋಣೆ ಕಟ್ಟಲು ದಿಬ್ಬವೇ ಬೇಕಾಯಿತು. ಗುಡಿಸಲು ಎಬ್ಬಿಸಲು ಕಡತದಲ್ಲಿ ಕಾರಣ ಹುಡುಕಿದಾಗ ದುಂಡಕ್ಷರದ ಹಳೆಯ ಅರ್ಜಿ ಸಿದ್ಧವಾಗಿ ಕೂತಿತ್ತಂತೆ. ಇದನ್ನು ಖಾತೆಯ ಗೆಳೆಯನೊಬ್ಬ ನನಗೆ ನಗುತ್ತಾ ಹೇಳಿದ. ನಾನೂ ನಕ್ಕೆ. ಆ ನಗು ನನಗೆ ಆಮೇಲೆ ಬಹಳ ದಿನ ಬಾಯಲ್ಲಿ ಕಹಿಯಾಗಿ ಉಳಿಯಿತು.

ಅವಳನ್ನು ಮತ್ತೆ ಕಂಡದ್ದು ಪಾಲಬಾವಿಯ ಬಸ್ ನಿಲ್ದಾಣದಲ್ಲಿ, ಕೆಲಸದ ಮೇಲೆ ಅಲ್ಲಿಗೆ ಹೋದಾಗ. ಕೂದಲು ಬೆಳ್ಳಗಾಗಿತ್ತು, ಪಕ್ಕದಲ್ಲಿ ಹಾಲಿನ ಕ್ಯಾನು. ತವರಿನವರ ಹೊಲದಲ್ಲಿ ಇರುವುದಾಗಿಯೂ, ಎಮ್ಮೆ ಎರಡೇ ಉಳಿದಿರುವುದಾಗಿಯೂ ಹೇಳಿದಳು. ಹತ್ತಿರ ಕೆರೆ ಇಲ್ಲ, ಬೋರಿನ ನೀರಂತೆ. ಅರ್ಜಿಯ ಮಾತು ನಾನೇ ತೆಗೆದೆ. ಬರೆದವನು ನಾನು ಎಂದು ಹೇಳಬೇಕೆಂದು ಬಾಯಿ ತೆರೆದೆ.

"ಗೊತ್ತೈತ್ರಿ," ಎಂದಳು ಅವಳು. "ಜೀಪಿನ ಸಾಹೇಬ್ರು ಬಂದ ದಿನ ಮುಂಜಾನೇನ ನಿಮ್ಮನ್ಯಾಗಿನ ಅಕ್ಕಾರು ಹೇಳಿದ್ರು."

ನನ್ನ ಹೆಂಡತಿ ಹೇಳಿದ್ದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಅದು ತಿಳಿದಿರಲಿಲ್ಲ. ಅಷ್ಟರಲ್ಲಿ ಹಾರೂಗೇರಿಯ ಬಸ್ಸು ಬಂತು. ಕ್ಯಾನು ಎತ್ತಿಕೊಡಲು ಕೈ ಚಾಚಿದೆ. ಬೇಡ, ನಿಮ್ಮ ಅಂಗಿಗೆ ಹಾಲು ಚೆಲ್ಲೀತು ಎಂದು ತಾನೇ ಸೊಂಟಕ್ಕಿಟ್ಟುಕೊಂಡು ಹತ್ತಿದಳು.